ಮೂರು ಗಂಟೆಗೆ ಬರುತ್ತಿದ್ದ ದೊರೆಸಾನಿ

ಇಂಗ್ಲಿಷ್ ಪರೀಕ್ಷೆಗೆ ಓದುವುದರಿಂದ ಯಾರಿಗೂ ಯಾವ ಅಪಾಯವೂ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಯಾರ ಗೊಡವೆಗೂ ಹೋಗದೆ ಓದುವ ಹೆಂಗಸಿನಿಂದ ಆಗಬಹುದಾದ ಅನಾಹುತವಾದರೂ ಏನು? ಒಲೆಯ ಮೇಲೆ ಹಾಲು ಉಕ್ಕಬಹುದು. ಅಷ್ಟೇ ಅಂದುಕೊಂಡಿದ್ದೆ.

ಮೊದಲು ನನ್ನ ವಿದ್ಯಾಭ್ಯಾಸದ ಚರಿತ್ರೆಯನ್ನು ಹೇಳಿಬಿಡುತ್ತೇನೆ. ನಾನು ಬೆಂಗಳೂರಿನ ದಂಡು ಪ್ರದೇಶದ ಒಂದು ಕಾನ್ವೆಂಟಿನಲ್ಲಿ ಓದಿದವಳು. ಉಗುರು, ರಿಬ್ಬನ್ನು, ಷೂಸಿನ ಹೊಳಪು ಎಲ್ಲವನ್ನೂ ದಿನಾ ಬೆಳಗ್ಗೆ ಸಿಸ್ಟರ್‌ಗಳ ಮುಂದೆ ಪರೀಕ್ಷೆಗೆ ಒಡ್ಡಿ ಬೆಳೆದವಳು. ಎಸ್ಸೆಸ್ಸೆಲ್ಸಿಗೆ ಕೂತೆ. ಗಣಿತ ಬರೆದೆ, ಚರಿತ್ರೆ ಬರೆದೆ, ಕನ್ನಡ ಬರೆದೆ. ಇಂಗ್ಲಿಷ್ ಬರೆಯಬೇಕಾಗಿದ್ದ ದಿನ ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ನನ್ನ ಮದುವೆಯ ಮುಹೂರ್ತ. ನಮ್ಮ ತಂದೆ ಪಂಚಾಂಗ ನೋಡಿದ್ದರೇ ಹೊರತು ಪರೀಕ್ಷೆಯ ವೇಳಾಪಟ್ಟಿ ನೋಡಿರಲಿಲ್ಲ. ಅತ್ತ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ಇತ್ತ ನಾನು ತಲೆತಗ್ಗಿಸಿ ಅಂತರಪಟದ ಹಿಂದೆ ನಿಂತಿದ್ದೆ.

ಗೈರುಹಾಜರಾದವರನ್ನೂ ಫೇಲಾದವರನ್ನೂ ಲೋಕವು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ ಎನ್ನುವುದು ಆಮೇಲೆ ತಿಳಿಯಿತು. "ಕಾನ್ವೆಂಟ್ ಹುಡುಗಿ, ಇಂಗ್ಲಿಷಿನಲ್ಲೇ ಫೇಲು" ಎಂಬ ಮಾತನ್ನು ಗಂಡನ ಮನೆಯವರು ಹದಿನೈದು ವರ್ಷ ಹಬ್ಬಹಬ್ಬಕ್ಕೂ ಪಾಯಸದ ಜೊತೆಗೆ ಬಡಿಸಿದರು. ಹಾಗಾಗಿ ನಾವಿಬ್ಬರೇ ಮೈಸೂರಿನ ಸರಸ್ವತಿಪುರಂಗೆ ಬಂದು ಮನೆ ಮಾಡಿದಾಗ, ನಾನು ಕಾನ್ವೆಂಟಿನ ಮೆಟ್ಟಿಲು ಹತ್ತಿದವಳೆಂದು ಅಕ್ಕಪಕ್ಕದವರಿಗೆ ಹೇಳಲೇ ಇಲ್ಲ. ಹೇಳಿದರೆ "ಎಲ್ಲಿವರೆಗೆ ಓದಿದ್ದೀರಿ?" ಅನ್ನುತ್ತಾರೆ. ಅಲ್ಲಿಂದ ಪಾಯಸಕ್ಕೆ ಒಂದೇ ಹೆಜ್ಜೆ.

ನಮ್ಮವರು ರಸ್ತೆ ಕೆಲಸದ ಓವರ್ಸಿಯರ್. ಸೋಮವಾರ ಬೆಳಗ್ಗೆ ಹಾಸಿಗೆಯ ಹೋಲ್ಡಾಲು ಕಟ್ಟಿಕೊಂಡು ಕ್ಯಾಂಪಿಗೆ ಹೋದರೆ ಶನಿವಾರ ಸಾಯಂಕಾಲ ಬರುವರು. ನಮಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದು ಎಷ್ಟು ಬೇಗ ಮುಗಿಯುತ್ತದೆಂದರೆ, ಹನ್ನೊಂದು ಗಂಟೆಗೆಲ್ಲ ಪಾತ್ರೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಆಮೇಲೆ ನಲ್ಲಿಯಿಂದ ಬೀಳುವ ಹನಿಗಳಿಗೆ ಎಷ್ಟೆಷ್ಟು ಹೊತ್ತಿನ ಅಂತರ ಎಂದು ನೋಡುತ್ತ ಕೂರುತ್ತಿದ್ದೆ. ಒಮ್ಮೊಮ್ಮೆ ಶನಿವಾರ ಅವರು ಬಂದಾಗ ಮಾತನಾಡಲು ಹೋದರೆ ಗಂಟಲು ಕಟ್ಟಿರುತ್ತಿತ್ತು. ನೆಗಡಿ ಅಂದುಕೊಂಡು ಅವರು ಮೆಣಸಿನ ಕಷಾಯ ಮಾಡಿಕೊಡುತ್ತಿದ್ದರು.

ಆ ಸಮಯದಲ್ಲೇ ಎರಡು ಬೀದಿಯಾಚೆ ಒಂದು ಶಿಶುವಿಹಾರ ಶುರುವಾಯಿತು. ಅದನ್ನು ನಡೆಸುವ ಮೇಡಂ ತುಂಬ ಒಳ್ಳೆಯವರು. "ಜೂನಿಗೆ ಒಬ್ಬರು ಟೀಚರ್ ಬೇಕು. ನಿಮ್ಮಂಥ ಸಮಾಧಾನದವರೇ ಬೇಕು. ಎಸ್ಸೆಸ್ಸೆಲ್ಸಿ ಪೂರ್ತಿ ಆಗಿದ್ದರೆ ಸಾಕು" ಅಂದರು. ಪೂರ್ತಿ ಎನ್ನುವ ಆ ಒಂದು ಮಾತು ಬಿಟ್ಟರೆ ಉಳಿದ ಯೋಗ್ಯತೆಯೆಲ್ಲ ನನ್ನಲ್ಲಿತ್ತು. ದಿನಾ ಬೆಳಗ್ಗೆ ಮೂವತ್ತು ಮಕ್ಕಳು "ನಮಸ್ತೇ ಟೀಚರ್" ಅನ್ನುವುದನ್ನು ಕಲ್ಪಿಸಿಕೊಂಡೇ ನಾನು ಒಂದು ವಾರ ಕಳೆದೆ.

ಅಂಚೆಯ ಮೂಲಕ ಪಾಠ ಕಳಿಸುವ ಹೊರ ಊರಿನ ಸಂಸ್ಥೆಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ನಮ್ಮವರಿಗೆ ಹೇಳಿದೆ.

"ಕಟ್ಟು ಪರೀಕ್ಷೆಗೆ. ಅದಕ್ಕೇನಂತೆ?" ಅಂದರು.

"ರೀ, ಯಾರಿಗೂ ಹೇಳಕೂಡದು. ಮತ್ತೆ ಫೇಲಾದರೆ ಈ ಬೀದಿಯನ್ನೂ ಬಿಡಬೇಕಾಗುತ್ತೆ."

"ಹೇಳೋದಿಲ್ಲ ಬಿಡು. ಯಾರು ಕೇಳಿದರೂ ನನ್ನ ಹೆಂಡತಿಗೆ ಇಂಗ್ಲಿಷಿನ ಗಂಧವೇ ಇಲ್ಲ ಅಂತೀನಿ."

ನನಗೆ ಖುಷಿಯಾಯಿತು. ಎಂಥ ಗಂಡ!

ವಾರಕ್ಕೊಂದು ದಪ್ಪ ಕವರು ಬರತೊಡಗಿತು. ನಾನು ಉತ್ತರ ಬರೆದು ಕಳಿಸಿದರೆ ಹತ್ತು ದಿನಕ್ಕೆ ಕೆಂಪು ಶಾಯಿಯ ತಿದ್ದುಪಡಿಯೊಂದಿಗೆ ವಾಪಸ್ಸು ಬರುತ್ತಿತ್ತು. ತಿದ್ದುವವರು ಗಂಡಸೋ ಹೆಂಗಸೋ ತಿಳಿಯದು. ಆದರೆ ನಾನು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಒಂದು ಜೀವ ಎಲ್ಲೋ ಇದೆಯಲ್ಲ ಎಂದು, ತಪ್ಪುಗಳ ಮೇಲೂ ಪ್ರೀತಿ ಬರುತ್ತಿತ್ತು. 'ನನ್ನ ಒಂದು ದಿನ' ಎಂಬ ಪ್ರಬಂಧಕ್ಕೆ ಆ ಕೈ ಹೀಗೆ ಬರೆದಿತ್ತು: "ಚೆನ್ನಾಗಿದೆ. ಮಧ್ಯಾಹ್ನದ ಭಾಗ ತೀರ ಉದ್ದವಾಯಿತು." ನಿಜ ಅಂದುಕೊಂಡೆ. ಮಧ್ಯಾಹ್ನದ ಭಾಗ ತೀರ ಉದ್ದವೇ ಇತ್ತು.

ಎಡವಟ್ಟು ಆದದ್ದು ಆರನೆಯ ಪಾಠದಿಂದ. ಅದು ಸಂಭಾಷಣೆಯ ಪಾಠ. ಮೇಲುಗಡೆ ದಪ್ಪ ಅಕ್ಷರದಲ್ಲಿ ಸೂಚನೆ ಇತ್ತು: ದಿನವೂ ಅರ್ಧ ಗಂಟೆ ಮನೆಯವರೊಂದಿಗೆ ಈ ಸಂಭಾಷಣೆಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡಬೇಕು, ಜೊತೆಗಾರರಿಲ್ಲದವರು ಎರಡು ಪಾತ್ರಗಳನ್ನೂ ತಾವೇ, ಬೇರೆ ಬೇರೆ ದನಿಯಲ್ಲಿ, ಹಾವಭಾವ ಸಹಿತ ಓದತಕ್ಕದ್ದು.

ಕಾನ್ವೆಂಟಿನಲ್ಲಿ ಬೆಳೆದವರಿಗೆ ಸೂಚನೆಯೆಂದರೆ ಸೂಚನೆಯೇ. ನಡುಮನೆಯಲ್ಲಿ ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿದೆ. ಈ ಕುರ್ಚಿಯಲ್ಲಿ ಕೂತಾಗ ನನ್ನ ದನಿ. ಆ ಕುರ್ಚಿಗೆ ಹೋದಾಗ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಸಿಸ್ಟರ್ ದನಿ. ಆಕೆ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಬಂದವರು. ಮೂಗಿನಿಂದ ಹೊರಟು ಮಾಳಿಗೆಯ ತೊಲೆ ಮುಟ್ಟಿ ಇಳಿಯುವಂಥ ದನಿ ಅವರದು. ನನಗೆ ಅದು ಚೆನ್ನಾಗಿ ಬರುತ್ತಿತ್ತು. ಗ್ರಂಥಾಲಯ ಬಿಟ್ಟು ಬಟ್ಟೆ ಅಂಗಡಿ, ಬಟ್ಟೆ ಅಂಗಡಿ ಬಿಟ್ಟು ರೈಲು ನಿಲ್ದಾಣ ಎಂದು ದಿನಾ ಮೂರು ಗಂಟೆಗೆ ನಾನು ನನ್ನ ಜೊತೆ ಲೋಕಾಭಿರಾಮವಾಗಿ ಮಾತನಾಡತೊಡಗಿದೆ. ಪಾಠದಲ್ಲಿ 'ನಗುತ್ತ' ಎಂದಿದ್ದ ಕಡೆ ನಕ್ಕೆ. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿತ್ತು.

ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ.

ಪಕ್ಕದ ಮನೆಯ ಚೆನ್ನಾಜಮ್ಮ ನಮಗೆ ಹಾಲು ಕೊಡುವವರು. ಈ ಬಡಾವಣೆ ಏಳುವ ಮೊದಲು ಇಲ್ಲೆಲ್ಲ ಅವರದೇ ರಾಗಿ ಹೊಲ. ಹೊಲ ಹೋಗಿ ಬೀದಿಯಾದರೂ ಎರಡು ಎಮ್ಮೆಗಳನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅವರು ಒಂದು ದಿನ ಹಾಲಿನ ಚೊಂಬು ಹಿಡಿದು ಬಂದವರು ಕಿಟಕಿಯಲ್ಲಿ ಇಣುಕಿದ್ದಾರೆ. ನಾನು ಒಂದು ಕುರ್ಚಿಯಿಂದ ಎದ್ದು, ಇನ್ನೊಂದರಲ್ಲಿ ಕೂತು, ಖಾಲಿ ಕುರ್ಚಿಯ ಕಡೆ ನೋಡಿ ಬೇರೆ ಯಾರದೋ ಗಂಟಲಿನಲ್ಲಿ ಇಂಗ್ಲಿಷ್ ಮಾತನಾಡಿ ನಗುತ್ತಿದ್ದೆನಂತೆ. ಚೆನ್ನಾಜಮ್ಮ ಚೊಂಬನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದರು.

ಆ ಭಾನುವಾರ ಅವರು ನಮ್ಮವರನ್ನು ಬೇಲಿಯ ಹತ್ತಿರ ಕರೆದು ಕೇಳಿದರು.

"ಸೋಮಿ, ನಿಮ್ಮನೆವ್ರಿಗೆ ಇಂಗ್ಲೀಸ್ ಬತ್ತದಾ?"

ನಮ್ಮವರು ಮಾತಿಗೆ ತಪ್ಪುವವರಲ್ಲ. "ಇಂಗ್ಲಿಷಾ? ಅದರ ಗಂಧವೇ ಇಲ್ಲ ಚೆನ್ನಾಜಮ್ಮನೋರೆ" ಅಂದರು.

ಚೆನ್ನಾಜಮ್ಮನಿಗೆ ಅಷ್ಟು ಸಾಕಾಯಿತು. ಅವರ ಅತ್ತೆಯ ಕಾಲದಲ್ಲಿ ಈ ಹೊಲದ ಬದುವಿನ ಮೇಲೆ ಇಂಗ್ಲಿಷ್ ದೊರೆಗಳು ಕುದುರೆ ಓಡಿಸುತ್ತಿದ್ದರಂತೆ. ಒಬ್ಬ ದೊರೆಸಾನಿ ಇಲ್ಲೇ ಎಲ್ಲೋ ಕುದುರೆಯಿಂದ ಬಿದ್ದು ಸತ್ತಿದ್ದಳಂತೆ. ಎಲ್ಲೋ ಎಂದರೆ ಸುಮಾರು ನಮ್ಮ ನಡುಮನೆಯಲ್ಲಿ.

ಸೋಮವಾರ ಮೂರು ಗಂಟೆಗೆ ನಾನು ಕುರ್ಚಿಗಳನ್ನು ಎಳೆಯುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ಮೊರದ ತುಂಬ ನೆನೆದ ಅವರೆಕಾಳು ಹಿಡಿದು ಚೆನ್ನಾಜಮ್ಮ, ಕುಕ್ಕೆಯಲ್ಲಿ ಮಲ್ಲಿಗೆ ಮೊಗ್ಗು ಹಿಡಿದು ಎದುರು ಮನೆಯ ರಾಜಮ್ಮ. ಮೊದಲ ಬಾರಿಗೆ ನಮ್ಮ ಮನೆಗೆ ಯಾರೋ ಕೂರಲೆಂದು ಬಂದಿದ್ದರು.

"ಒಬ್ಳೇ ಏನ್ ಮಾಡ್ತೀಯವ್ವಾ? ಅವರೆಕಾಳು ಇದುಕಕೆ ಒಂದ್ ಕೈ ಕೊಡು ಅಂತ ಬಂದೋ" ಅಂದರು ಚೆನ್ನಾಜಮ್ಮ. ಕೂರುವ ಮೊದಲು ಎರಡನೆಯ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ಆಚೆ ತಳ್ಳಿದರು.

ಮರುದಿನವೂ ಬಂದರು. ಅದರ ಮರುದಿನವೂ. ಆ ಚಳಿಗಾಲದ ಅವರೆಕಾಯಿಯೆಲ್ಲ ನಮ್ಮ ನಡುಮನೆಯಲ್ಲೇ ಸಿಪ್ಪೆ ಕಳಚಿಕೊಂಡಿತೆಂದು ಹೇಳಬಹುದು. ಬೆರಳ ಸಂದಿಯಿಂದ ಬೇಳೆ ಚಿಮ್ಮುವ ಸದ್ದು, ಸೊಗಡಿನ ವಾಸನೆ, ರಾಜಮ್ಮನ ನಾದಿನಿಯ ಕಥೆ. ನಾಲ್ಕೂವರೆಗೆ ನಾನು ಕಾಫಿ ಮಾಡುತ್ತಿದ್ದೆ. ಮೂರು ಲೋಟ. ತೊಳೆದು ಬೋರಲು ಹಾಕುವಾಗ ಅವನ್ನು ಸಾಲಾಗಿ ಜೋಡಿಸಿ ಒಂದು ನಿಮಿಷ ನೋಡುತ್ತಿದ್ದೆ.

ಇಷ್ಟೆಲ್ಲ ಪ್ರೀತಿ ಯಾಕೆ ಎಂಬುದು ವಾರದ ಮೇಲೆ ರಾಜಮ್ಮನಿಂದ ಗೊತ್ತಾಯಿತು. ಹೂ ಕಟ್ಟುತ್ತ ದನಿ ತಗ್ಗಿಸಿ ಕೇಳಿದರು.

"ವಿಮಲಮ್ಮ, ಈಗ ಹೆಂಗಿದೆ ಕಣ್ರೀ? ಅವಳು ಬಂದಾಗ ನಿಮಗೆ ಗೊತ್ತಾಗುತ್ತಾ?"

"ಯಾರು ಬಂದಾಗ?"

"ನೋಡಿ, ಗೊತ್ತೇ ಆಗೋದಿಲ್ಲ" ಎಂದು ಚೆನ್ನಾಜಮ್ಮನ ಕಡೆ ನೋಡಿದರು.

"ಬುಡು, ಅದ್ಕೆ ಏನ್ ಗೊತ್ತಾದದು ಪಾಪ. ಮೂರ್ ಗಂಟೆಗೆ ಸರ್ಯಾಗಿ ಬತ್ತಾಳಲ್ಲ, ಆಗ ಜನ ಇದ್ರೆ ಒಳೀಕ್ ನುಗ್ಗಕಿಲ್ಲ ಅಂತ ನಾವೇ ಪಾಳಿ ಮಾಡ್ಕಂಡಿದೀವಿ ಕಣವ್ವ. ನೀನು ದಿಗಿಲು ಬೀಳ್ಬೇಡ."

ಆಗಲೇ ನಾನು ಸತ್ಯ ಹೇಳಬೇಕಾಗಿತ್ತು. ಬಾಯಿಯನ್ನೂ ತೆರೆದೆ. ದೆವ್ವವಲ್ಲ, ಆರನೆಯ ಪಾಠ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆಗೆ ಪಾಯಸದವರೆಗೆ ಉತ್ತರ ಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ನಾಳೆ ಮೂರು ಗಂಟೆಗೆ ಇವರು ಬರುವುದಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿ, "ಇನ್ನೊಂದು ಚೂರು ಕಾಫಿ ಹಾಕಲಾ?" ಅಂದೆ.

ದೆವ್ವದ ಲಾಭ ಹೀಗೆ. ನಷ್ಟವೂ ಇತ್ತು. ಬೆಳಗ್ಗೆಯೆಲ್ಲ ನಾನು ಮನೆ ಗುಡಿಸಿ, ಬರುವವರಿಗೆ ಕೋಡುಬಳೆಯೋ ಚಕ್ಕುಲಿಯೋ ಮಾಡುತ್ತಿದ್ದೆ. ಮಧ್ಯಾಹ್ನ ಅವರೆಕಾಳು. ಇಂಗ್ಲಿಷಿಗೆ ಹೊತ್ತೆಲ್ಲಿ? ಸಂಸ್ಥೆಯಿಂದ ಬಂದ ಕವರುಗಳು ಅಕ್ಕಿ ಡಬ್ಬದ ಹಿಂದೆ ಬಿಚ್ಚದೆ ಬಿದ್ದಿದ್ದವು. ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಕಾರ್ಡು ಬಂತು: "ನಿಮ್ಮ ನಾಲ್ಕು ಉತ್ತರಪತ್ರಿಕೆಗಳು ಬಂದಿಲ್ಲ. ಆರೋಗ್ಯವೇ?" ಆರೋಗ್ಯವೇ ಎಂಬ ಆ ಮಾತು ಎದೆಗೆ ನಾಟಿತು. ಪರೀಕ್ಷೆಗೆ ಇನ್ನು ಆರು ವಾರ. ಶುಕ್ರವಾರ ಎಲ್ಲವನ್ನೂ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಶುಕ್ರವಾರ ಮೂರು ಗಂಟೆಗೆ ಬಾಗಿಲು ತೆರೆದರೆ, ಅವರೆಕಾಳಿಗೆ ಬದಲು ದೆವ್ವ ಬಿಡಿಸುವ ಅಯ್ಯನವರು.

ಬೋಗಾದಿಯ ಆಚೆಯ ಒಂದು ಹಳ್ಳಿಯಿಂದ ಚೆನ್ನಾಜಮ್ಮ ಗಾಡಿ ಕಳಿಸಿ ಕರೆಸಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬೇವಿನ ಸೊಪ್ಪು. ನೋಡಿದರೆ ಮೊಮ್ಮಕ್ಕಳಿಗೆ ಕಡಲೆಮಿಠಾಯಿ ತಂದುಕೊಡುವ ತಾತನ ಹಾಗಿದ್ದರು. ಅವರ ಹಿಂದೆ ರಾಜಮ್ಮ. ರಾಜಮ್ಮನ ಹಿಂದೆ ಅವರ ಯಜಮಾನರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ರಾಮಣ್ಣನವರು, ಹಳೆಯ ಬಿಳಿ ಕೋಟು ಹಾಕಿಕೊಂಡು.

"ಇವರ್ಯಾಕೆ?" ಎಂದು ರಾಮಣ್ಣನವರ ಕಡೆ ನೋಡಿದೆ.

"ಅಯ್ಯನೋರ್ಗೆ ಕನ್ನಡ, ತೆಲುಗು, ತಮಿಳು ದೆವ್ವ ಎಲ್ಲಾ ಪಳಗವೆ" ಎಂದರು ಚೆನ್ನಾಜಮ್ಮ. "ಇಂಗ್ಲೀಸ್ ಒಂದೇ ಬರಕಿಲ್ಲ. ಅದ್ಕೆ ಗಾರ್ಡ್ ಸಾಹೇಬ್ರು."

ನಾನು ಹೇಳಲು ಹೋದೆ. "ಅಮ್ಮಾ, ಒಂದು ಮಾತು ಕೇಳಿ, ನನಗೆ ಇಂಗ್ಲಿಷ್ ಬರುತ್ತೆ."

"ಬತ್ತದೆ ಕಣವ್ವ, ಬತ್ತದೆ. ಅದೇ ಅಲ್ವಾ ಕಾಯ್ಲೆ" ಎಂದು ನನ್ನ ತಲೆ ಸವರಿ ಮಣೆಯ ಮೇಲೆ ಕೂರಿಸಿದರು.

ಸಾಂಬ್ರಾಣಿಯ ಹೊಗೆ ತುಂಬಿತು. ಅಯ್ಯನವರು ಬೇವಿನ ಸೊಪ್ಪಿನಿಂದ ನನ್ನ ತಲೆಯಿಂದ ಕಾಲಿನವರೆಗೆ ಮೂರು ಬಾರಿ ನೀವಿ, ರಾಮಣ್ಣನವರ ಕಡೆ ತಿರುಗಿ, "ಏನು ಬೇಕು ಅಂತ ಕೇಳಿ ಬುದ್ಧಿ" ಅಂದರು. ರಾಮಣ್ಣನವರು ಕೋಟಿನ ಗುಂಡಿ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡರು. ಮೊದಲ ದರ್ಜೆಯ ಬೋಗಿಯಲ್ಲಿ ಕೂತ ಪ್ರಯಾಣಿಕರನ್ನು ಕೇಳುವಷ್ಟೇ ಮರ್ಯಾದೆಯಿಂದ, ಇಂಗ್ಲಿಷಿನಲ್ಲಿ, ತಮಗೆ ಏನು ಬೇಕು ಮೇಡಂ ಎಂದು ಕೇಳಿದರು.

ಹದಿನೈದು ವರ್ಷದಲ್ಲಿ ಒಬ್ಬ ಮನುಷ್ಯ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತನಾಡಿದ್ದು ಅದೇ ಮೊದಲು. ನನಗೆ ಏನು ಬೇಕು? ಆ ಪ್ರಶ್ನೆಯನ್ನು ಯಾವ ಭಾಷೆಯಲ್ಲೂ ಯಾರೂ ಕೇಳಿರಲಿಲ್ಲ. ಕಣ್ಣು ತುಂಬಿತು. ಪಾಸಾಗಬೇಕು, ಮೂವತ್ತು ಮಕ್ಕಳು ಬೇಕು, ನೀವೆಲ್ಲ ನಾಳೆಯೂ ಬರಬೇಕು ಎಂದು ಹೇಳಲು ತವಕಿಸಿದೆ. ಆದರೆ ಭಯಕ್ಕೋ ಹೊಗೆಗೋ ಕಲಿತ ಇಂಗ್ಲಿಷೆಲ್ಲ ಒಂದೇ ಸಲ ಮಾಯವಾಯಿತು. ಬಾಯಿಗೆ ಬಂದದ್ದು ಬಾಯಿಪಾಠವಾಗಿದ್ದ ಒಂದೇ ಒಂದು ಸಂಗತಿ: ಬಟ್ಟೆ ಅಂಗಡಿಯ ಸಂಭಾಷಣೆ. ಅದೂ ಸಿಸ್ಟರ್ ದನಿಯಲ್ಲೇ.

ರಾಮಣ್ಣನವರು ಗಂಭೀರವಾಗಿ ಭಾಷಾಂತರಿಸಿದರು. "ಎರಡು ಗಜ ಬಿಳಿ ರಿಬ್ಬನ್ ಬೇಕಂತೆ."

"ಕೊಟ್ಟೆವು ಅನ್ನಿ" ಎಂದರು ಅಯ್ಯನವರು.

"ಒಂದು ಜೊತೆ ಕೈಗವಸು ಬೇಕಂತೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಮೈಸೂರಿನಂಥ ಊರಿನಲ್ಲಿ ಕೈಗವಸು ಯಾರ ಮನೆಯಲ್ಲಿರುತ್ತದೆ? ರಾಮಣ್ಣನವರು ಕೋಟಿನ ತೋಳು ಎಳೆದುಕೊಂಡು, "ಡ್ಯೂಟಿ ಗ್ಲೌಸ್ ಇದೆ. ನಿವೃತ್ತಿಯ ದಿನ ಹಾಕಿಕೊಂಡಿದ್ದು" ಅಂದರು. ರಾಜಮ್ಮ ಓಡಿಹೋಗಿ ತಂದರು.

"ಇನ್ನೇನಂತೆ?"

"ಸಾಮಾನನ್ನೆಲ್ಲ ಮನೆಗೆ ಕಳಿಸಿಕೊಡ್ತೀರಾ ಅಂತ ಕೇಳ್ತಿದ್ದಾಳೆ."

ಅಯ್ಯನವರು ಕಣ್ಣು ಮುಚ್ಚಿ ಯೋಚಿಸಿದರು. ದೊರೆಸಾನಿಯ ಮನೆ ಎಂದರೆ ಸೀಮೆ. ಸೀಮೆಗೆ ಸಮುದ್ರ ದಾಟಬೇಕು. ಹರಿಯುವ ನೀರಿಗೆ ಬಿಟ್ಟರೆ ಎಂದಾದರೂ ಸಮುದ್ರ ಸೇರಲೇಬೇಕು. ಹಾಗೆಂದು ತೀರ್ಪಾಗಿ, ಸಂಜೆಯೊಳಗೆ ಎರಡು ಗಜ ರಿಬ್ಬನ್, ಒಂದು ಜೊತೆ ಗ್ಲೌಸು, ಜೊತೆಗೆ ಚೆನ್ನಾಜಮ್ಮ ತಮ್ಮ ಕಡೆಯಿಂದ ಇಟ್ಟ ಬಾಳೆಹಣ್ಣು, ಎಲ್ಲ ಊರಾಚೆಯ ನಾಲೆಯಲ್ಲಿ ಸೀಮೆಯ ಕಡೆ ಪ್ರಯಾಣ ಬೆಳೆಸಿದವು. ಗ್ಲೌಸನ್ನು ರಾಮಣ್ಣನವರೇ ನೀರಿಗಿಟ್ಟು, ಅದು ಕಣ್ಮರೆಯಾಗುವವರೆಗೆ ನೆಟ್ಟಗೆ ನಿಂತಿದ್ದರಂತೆ.

ಇಷ್ಟಾದ ಮೇಲೆ ನಾನು ಯಾವ ಮುಖ ಹೊತ್ತು ಸತ್ಯ ಹೇಳಲಿ?

ಶನಿವಾರ ನಮ್ಮವರು ಬಂದಾಗ ಎಲ್ಲ ಹೇಳಿ ಅತ್ತೆ. ಅವರು ನಗುವನ್ನು ಬಹಳ ಹೊತ್ತು ತಡೆದುಕೊಂಡರು. "ನೀನು ಹೇಳಬೇಡ ಅಂದೆ, ನಾನು ಹೇಳಲಿಲ್ಲ" ಎಂದರು.

ಸೋಮವಾರ ಮೂರು ಗಂಟೆಗೆ ಕೋಡುಬಳೆ ಮಾಡಿಟ್ಟು ಕಾದೆ. ಯಾರೂ ಬರಲಿಲ್ಲ. ಯಾಕೆ ಬರಬೇಕು? ನಾನು ಗುಣವಾಗಿದ್ದೆ. ದಾರಿಯಲ್ಲಿ ಸಿಕ್ಕಿದ ರಾಜಮ್ಮ, "ಎಷ್ಟು ಲಕ್ಷಣವಾಗಿ ಕಾಣ್ತೀರಿ ಈಗ" ಎಂದು ಹೇಳಿ ತರಕಾರಿ ಗಾಡಿಯ ಕಡೆ ಹೋದರು. ಆ ಆರು ವಾರ ನಾನು ಕುರ್ಚಿಗಳನ್ನು ಗೋಡೆಗೆ ಒರಗಿಸಿ, ತುಟಿ ಅಲ್ಲಾಡಿಸದೆ ಓದಿದೆ. ದನಿ ಹೊರಟರೆ ಮತ್ತೊಂದು ಜೊತೆ ಗ್ಲೌಸಿಗೆ ಯಾರನ್ನು ಕೇಳುವುದು? ಕಾಫಿ ಲೋಟ ಮತ್ತೆ ಒಂದಾಯಿತು. ಓದಲು ಅಂಥ ಅನುಕೂಲ ಇನ್ನೊಂದಿಲ್ಲ. ಸಂಸ್ಥೆಗೆ ಬಾಕಿ ಉತ್ತರಗಳನ್ನೆಲ್ಲ ಒಟ್ಟಿಗೆ ಕಳಿಸಿ, ಕೊನೆಯಲ್ಲಿ "ಆರೋಗ್ಯವಾಗಿದ್ದೇನೆ, ವಿಚಾರಿಸಿದ್ದಕ್ಕೆ ವಂದನೆಗಳು" ಎಂದು ಬರೆದೆ. ಆ ಸಾಲಿಗೆ ತಿದ್ದುಪಡಿ ಇರಲಿಲ್ಲ.

ಪಾಸಾದೆ. ಪತ್ರಿಕೆಯಲ್ಲಿ ಬಂದ ನನ್ನ ನಂಬರನ್ನು ನಮ್ಮವರು ಎರಡು ಬಾರಿ, ನಾನು ಒಂಬತ್ತು ಬಾರಿ ನೋಡಿದೆವು. ಇನ್ನು ಅಂಜಿಕೆ ಯಾಕೆ? ಸಕ್ಕರೆ ಅಚ್ಚಿನ ತಟ್ಟೆ ಹಿಡಿದು ಚೆನ್ನಾಜಮ್ಮನ ಕೊಟ್ಟಿಗೆಗೆ ಹೋಗಿ, ಮೊದಲಿಂದ ಕೊನೆಯವರೆಗೆ ಎಲ್ಲ ಒಪ್ಪಿಕೊಂಡೆ. ಕಾನ್ವೆಂಟು, ಮುಹೂರ್ತ, ಅಂಚೆಯ ಪಾಠ, ಎರಡು ಕುರ್ಚಿ. ಅವರು ಎಮ್ಮೆಯ ಕೆಚ್ಚಲು ತೊಳೆಯುತ್ತಲೇ ಕೇಳಿದರು.

"ಇಂಗ್ಲೀಸ್ನಲ್ಲಿ ಪಾಸಾದ್ಯಾ?"

"ಹೂಂ."

"ಒಳ್ಳೇವ್ಳು ಕಣವ್ವ ಆ ದೊರೆಸಾನಿ. ಬರೀ ಇಸ್ಕಂಡ್ ಓಗ್ಲಿಲ್ಲ, ಕಲ್ತಿದ್ನೆಲ್ಲ ನಿಂಗೇ ಬುಟ್ಬುಟ್ಟು ಓಗವ್ಳೆ."

"ಇಲ್ಲ ಅಮ್ಮ, ನಾನೇ ಓದಿದ್ದು."

"ನೀನೇ ಓದ್ದೆ ಬುಡು" ಅಂದರು, ಮಗುವನ್ನು ರಮಿಸುವ ಹಾಗೆ. ಸಂಜೆ ರಾಜಮ್ಮ ಬಂದು, ಅವರ ತಂಗಿಯ ಮಗ ಲೆಕ್ಕದಲ್ಲಿ ಹಿಂದೆ, ಲೆಕ್ಕ ಬಲ್ಲ ದೊರೆ ಯಾರಾದರೂ ಈ ಕಡೆ ಸತ್ತಿದ್ದಾರೆಯೇ ಎಂದು ವಿಚಾರಿಸಿ ಹೋದರು.

ಅಂಕಪಟ್ಟಿ ಹಿಡಿದು ಶಿಶುವಿಹಾರಕ್ಕೆ ಹೋದೆ. ಮೇಡಂ ಅದನ್ನು ಓದಿದರು, ತಿರುಗಿಸಿ ನೋಡಿದರು, ನನ್ನ ಕಡೆಗೇ ಮೆಲ್ಲನೆ ಸರಿಸಿದರು.

"ತಪ್ಪು ತಿಳೀಬೇಡಿ ವಿಮಲಮ್ಮ. ನಾನೇನೂ ಅಂಥದ್ದನ್ನ ನಂಬೋವಳಲ್ಲ. ಆದರೆ ತಾಯಂದಿರು ಒಪ್ಪಲ್ಲ. ಮಕ್ಕಳ ಮುಂದೆ ನೀವು ಇಂಗ್ಲಿಷ್ ಪದ್ಯ ಶುರುಮಾಡಿದರೆ, ಅವರು..." ಎಂದು ಅಲ್ಲಿಗೇ ನಿಲ್ಲಿಸಿದರು. ಅವರ ಹಿಂದಿನ ಕೋಣೆಯಲ್ಲಿ ಮಕ್ಕಳು ಏನನ್ನೋ ಒಟ್ಟಾಗಿ ಹೇಳುತ್ತಿದ್ದವು. ನಾನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಬಂದೆ.

ಹದಿನೈದು ವರ್ಷ ಕಾದು, ಆರು ವಾರ ಬಾಯಿ ಹೊಲಿದುಕೊಂಡು ಪಾಸಾದ ಆ ಪರೀಕ್ಷೆಯಲ್ಲಿ ನಮ್ಮ ಬೀದಿಯ ಪ್ರಕಾರ ನಾನಿನ್ನೂ ಪಾಸಾಗಿಲ್ಲ.

ಕೊನೆಗೆ ನಾನು ಮಾಡಿದ ಒಂದು ಕೆಲಸವನ್ನು ಹೇಳದೆ ಬಿಟ್ಟರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಜುಲೈ ತಿಂಗಳ ಒಂದು ಬುಧವಾರ, ಮನೆ ತೀರ ನಿಶ್ಶಬ್ದವಾಗಿದ್ದಾಗ, ಕಾಫಿಗೆ ಮೂರು ಲೋಟ ತೆಗೆದಿಟ್ಟು, ಕುರ್ಚಿಗಳನ್ನು ಮತ್ತೆ ಎದುರುಬದುರು ಹಾಕಿದೆ. ಚೆನ್ನಾಜಮ್ಮನ ಕೊಟ್ಟಿಗೆಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದೆ. ರೈಲು ನಿಲ್ದಾಣದ ಸಂಭಾಷಣೆಯನ್ನು, ಸಿಸ್ಟರ್ ದನಿಯಲ್ಲಿ, ತೊಲೆ ಅದುರುವಂತೆ ಓದಿದೆ. ನಗುವ ಜಾಗದಲ್ಲಿ ಎರಡು ಸಲ ನಕ್ಕೆ. ಓದು ನಿಲ್ಲಿಸಿ ಕಿವಿಗೊಟ್ಟೆ. ಹೆಜ್ಜೆಯ ಸದ್ದು ಬಂತು. ಕಿಟಕಿಯಲ್ಲಿ ಚೆನ್ನಾಜಮ್ಮನ ಮುಖ ಕಾಣಿಸಿತು.

"ಓದ್ಕತ್ತಿದ್ದೀಯೇನವ್ವಾ?" ಅಂದರು.

"ಹೂಂ" ಅಂದೆ.

"ಓದ್ಕೊ, ಓದ್ಕೊ. ನಾನ್ಯಾಕೆ ಅಡ್ಡ ಬರ್ಲಿ" ಎಂದು, ನನಗೆ ಗಾಳಿ ಹೊಡೆಯಬಾರದೆಂದು ಹೊರಗಿನಿಂದಲೇ ಕಿಟಕಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದರು.